ಉಳಿದ ಒಂಬತ್ತು ಕಿಲೋ

ಬಸುರಿಯಾಗಿದ್ದಾಗ ನಾನು ಏರಿದ್ದು 12 ಕಿಲೋ. ಹುಟ್ಟಿದ ಮಗಳು 3 ಕಿಲೋ. ಉಳಿದ ಒಂಬತ್ತು ಯಾರ ಖಾತೆಗೆ ಎಂದು ಡಾಕ್ಟರಮ್ಮನನ್ನು ಕೇಳಿದೆ. ಅವರು ಬೆರಳು ಮಡಚಿ ಲೆಕ್ಕ ಒಪ್ಪಿಸಿದರು. ಮಾಸು ಅರ್ಧ ಕಿಲೋಗಿಂತ ತುಸು ಹೆಚ್ಚು, ಗರ್ಭದ ನೀರು ಒಂದು ಕಿಲೋದ ಆಸುಪಾಸು, ಹೆಚ್ಚಿದ ರಕ್ತ, ಮೈಯಲ್ಲಿ ನಿಂತ ನೀರು, ಮತ್ತೆ ಕಿಲೋದಷ್ಟು ತೂಗುವ ಗರ್ಭಕೋಶ. ಈ ಗರ್ಭಕೋಶ ಆರು ವಾರದಲ್ಲಿ ಸುಮ್ಮನೆ ಕುಗ್ಗಿ ನೂರು ಗ್ರಾಮಿನೊಳಗೆ ಬಂದು ಕೂರುತ್ತದಂತೆ. ನನ್ನ ದೇಹದಲ್ಲಿ ಹೇಳಿದ ಮಾತು ಕೇಳಿದ ಭಾಗ ಅದೊಂದೇ. ಮಿಕ್ಕಿದ್ದು ಹಾಲಿಗೆಂದು ಪ್ರಕೃತಿ ಕೂಡಿಟ್ಟ ಕೊಬ್ಬು. ಕೂಡಿಟ್ಟದ್ದು ಪ್ರಕೃತಿ, ಅದಕ್ಕೆ ಬಡ್ಡಿ ಸೇರಿಸಿದ್ದು ನಮ್ಮವ್ವ.

ಧಾರವಾಡದ ನಮ್ಮ ಮನೆಯಲ್ಲಿ ಬಾಣಂತನದ ಮುಖ್ಯ ದೇವತೆ ಅಂಟಿನ ಉಂಡಿ. ತುಪ್ಪದಲ್ಲಿ ಅರಳಿಸಿದ ಅಂಟು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬದಾಮಿ, ಗಸಗಸೆ, ಬೆಲ್ಲ, ಆಮೇಲೆ ಉಂಡಿ ಕಟ್ಟಲು ಇನ್ನಷ್ಟು ತುಪ್ಪ. ಹಾಲುಣಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲೊರಿ ಹೆಚ್ಚಿಗೆ ಬೇಕೆನ್ನುತ್ತದೆ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ. ನಮ್ಮವ್ವನ ಉಂಡಿಯಾದರೆ ಎರಡು ಮೂರಕ್ಕೇ ಆ ಪಾಲು ತೀರುತ್ತದೆ. ಆದರೆ ಅವ್ವನ ಪ್ರಕಾರ ಉಂಡಿ ಊಟದ ಲೆಕ್ಕಕ್ಕೆ ಬರುವುದಿಲ್ಲ, ಔಷಧಿ. ಊಟ ಬೇರೆ: ಜೋಳದ ರೊಟ್ಟಿ, ಸಬ್ಬಸಗಿ ಪಲ್ಯ, ಬೆಳ್ಳುಳ್ಳಿ ಮೆಣಸಿನ ಸಾರು, ಅಳ್ವಿ ಪಾಯಸ. ಪಾಯಸವೂ ಔಷಧಿಯೇ.

“ದಿನಕ್ಕ ಒಂದ ಉಂಡಿ ತಿಂತೀನಿ” ಎಂದು ಒಪ್ಪಂದ ಮಾಡಿಕೊಂಡೆ. ಅವ್ವ ಹೂಂ ಅಂದಳು. ಮರುದಿನದ ಉಂಡಿ ಬೇಲದ ಹಣ್ಣಿನಷ್ಟಿತ್ತು. ಒಪ್ಪಂದದಲ್ಲಿ ಅಳತೆಯ ಮಾತಿರಲಿಲ್ಲ.

ತಿನ್ನಲು ಇಷ್ಟು ಉದಾರವಾದ ಮನೆ ನೀರಿನ ವಿಷಯದಲ್ಲಿ ಮಾತ್ರ ಬಲು ಜಿಪುಣ. “ಬಾಣಂತಿ ನೀರು ಕುಡದ್ರ ಹೊಟ್ಟಿ ಬರ್ತೈತಿ.” ಹೊಟ್ಟೆ ಬರುವುದು ನೀರಿನಿಂದ, ತುಪ್ಪದಿಂದಲ್ಲ! ಹಾಲಿನ ಬಹುಪಾಲು ನೀರೇ, ಬಾಯಾರಿದಾಗಲೆಲ್ಲ ಕುಡಿ ಎಂದು ಡಾಕ್ಟರಮ್ಮ ಹೇಳಿದ್ದರು. ಹಾಗಾಗಿ ನಾನು ಬಚ್ಚಲಿಗೆ ಹೋಗುವ ನೆವದಲ್ಲಿ ಅಡುಗೆಮನೆಗೆ ನುಗ್ಗಿ ಕಳ್ಳತನದಲ್ಲಿ ನೀರು ಕುಡಿಯುತ್ತಿದ್ದೆ. ಹೊಟ್ಟೆ ಕರಗಲೆಂದು ಅವ್ವ ಹಳೆಯ ಸೀರೆ ಬಿಗಿದು ಕಟ್ಟುತ್ತಿದ್ದಳು. ಕಟ್ಟಿದರೆ ಸೊಂಟಕ್ಕೆ ಆಸರೆ ಸಿಗುವುದು ನಿಜ, ಅದರಿಂದ ಕೊಬ್ಬು ಕರಗುವುದಿಲ್ಲ. ಬಸುರಿನಲ್ಲಿ ಹೊಟ್ಟೆಯ ನಡುವಿನ ಸ್ನಾಯುಗಳು ಅಕ್ಕಪಕ್ಕಕ್ಕೆ ಸರಿದು ನಡುವೆ ಸಂದು ಬಿಟ್ಟಿರುತ್ತವೆ. ಅವು ಕೂಡುವ ಮೊದಲೇ ಮಲಗಿ ಏಳುವ ಕಸರತ್ತಿಗೆ ಇಳಿದರೆ ಹೊಟ್ಟೆ ಇನ್ನಷ್ಟು ಮುಂದೆ ಬಂದೀತು ಎಂಬ ಎಚ್ಚರಿಕೆಯನ್ನು ನಾನು ಬಹಳ ಶ್ರದ್ಧೆಯಿಂದ ಪಾಲಿಸಿದೆ. ಕಸರತ್ತು ಬೇಡ ಎನ್ನುವ ಸಲಹೆಯನ್ನು ಯಾರಾದರೂ ಮೀರುತ್ತಾರೆಯೇ?

ನನಗೆ ಒಗ್ಗಿದ ಒಂದು ವ್ಯಾಯಾಮವಿತ್ತು. ಅಮೆರಿಕದ ಡಾಕ್ಟರ್ ಆರ್ನಲ್ಡ್ ಕೆಗೆಲ್ 1948ರಲ್ಲಿ ಬರೆದು ಹೆಸರಾದದ್ದು: ಮೂತ್ರ ತಡೆಯುವಾಗ ಬಿಗಿಯುವ ಸ್ನಾಯುಗಳನ್ನು ಬಿಗಿಹಿಡಿದು ಸಡಿಲ ಬಿಡುವುದು. ತೂಕಕ್ಕೂ ಇದಕ್ಕೂ ಸಂಬಂಧವಿಲ್ಲ, ಆದರೆ ಸೀನಿದಾಗ ಮಾನ ಉಳಿಯುತ್ತದೆ. ಮೇಲಾಗಿ ಬಂದವರೆದುರೇ ಮಾಡಬಹುದು, ಯಾರಿಗೂ ಗೊತ್ತಾಗುವುದಿಲ್ಲ. ಪೇಢೆ ಡಬ್ಬಿ ಕೈಗಿಡುತ್ತಲೇ “ಎಷ್ಟ್ ದಪ್ಪ ಆಗೀ ಬೇ!” ಎಂದು ಸೋದರತ್ತೆ ಕೆನ್ನೆ ಹಿಂಡಿದಾಗ ನಾನು ನಗುತ್ತ ಮಾಡುತ್ತಿದ್ದದ್ದು ಅದನ್ನೇ.

ಅದೇ ಅತ್ತೆ ನನ್ನ ಮಗಳ ತೊಡೆಯ ಮಡಿಕೆ ಎಣಿಸಿ ದೃಷ್ಟಿ ತೆಗೆದರು. ಒಂದೇ ಕೋಣೆಯಲ್ಲಿ ಒಬ್ಬಳ ಮೈ ತುಂಬಿದರೆ ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಾರೆ, ಇನ್ನೊಬ್ಬಳ ಮೈ ತುಂಬಿದರೆ ಜೀರಿಗೆ ನೀರು ಕುಡಿ ಎನ್ನುತ್ತಾರೆ.

ಕೊನೆಗೆ ನನ್ನನ್ನು ನಡೆಸಿದವಳು ಆ ತುಂಬಿದ ಮೈಯವಳೇ. ಹೆಗಲ ಮೇಲೆ ಹಾಕಿಕೊಂಡು ನಡೆದರಷ್ಟೇ ಅವಳಿಗೆ ನಿದ್ದೆ. ನಿಂತರೆ ಮುಲುಕು, ಕೂತರೆ ಓಣಿಗೆಲ್ಲ ಕೇಳುವ ಅಳು. ಮೊದಲು ಪಡಸಾಲೆಯಲ್ಲಿ, ಹೊಸ್ತಿಲು ದಾಟಲು ಅವ್ವನ ಅಪ್ಪಣೆ ಸಿಕ್ಕ ಮೇಲೆ ಕೆಲಗೇರಿ ಕೆರೆಯ ದಂಡೆಯಲ್ಲಿ. ತಿಂಗಳಿಗೆ ಎರಡು ಕಿಲೋ ಇಳಿದರೆ ಸಾಕು, ಅದಕ್ಕಿಂತ ಅವಸರ ಬೇಡ ಎಂದಿದ್ದರು ಡಾಕ್ಟರಮ್ಮ. ಹೆತ್ತ ತಿಂಗಳೊಪ್ಪತ್ತಿನಲ್ಲಿ ಬಳುಕುತ್ತ ಫೋಟೋಕ್ಕೆ ನಿಲ್ಲುವ ಸಿನಿಮಾ ನಟಿಯರ ಮನೆಯಲ್ಲಿ ಅಡುಗೆಯವರು, ದಾದಿ, ಟ್ರೈನರ್ ಎಲ್ಲ ಇರುತ್ತಾರೆ. ನಮ್ಮವ್ವನಂಥವಳು ಇರಲಿಕ್ಕಿಲ್ಲ. ನಾನಂತೂ ಅವಸರ ಮಾಡಲಿಲ್ಲ. ಎಷ್ಟೋ ತಿಂಗಳು ಕಾಟಾ ಎರಡು ಕಿಲೋ ಇರಲಿ, ಇನ್ನೂರು ಗ್ರಾಮಿಗೂ ಅಲುಗಲಿಲ್ಲ.

ಮಗಳು ಅಂಬೆಗಾಲಿಡುವ ಹೊತ್ತಿಗೆ ಮೈ ಹಗುರಾದಂತೆನಿಸಿ, ಬಾಣಂತನದಲ್ಲಿ ಒಳಹೊಲಿಗೆ ಬಿಚ್ಚಿಸಿದ್ದ ಜಂಪರ್‌ಗಳನ್ನೆಲ್ಲ ಟೇಲರ್ ಮುಂದೆ ಸುರಿದು, ಮೊದಲಿನಂತೆ ಬಿಗಿ ಮಾಡಿ ಎಂದೆ. ಅವನು ಟೇಪು ಕೊರಳಿಗೆ ಹಾಕಿಕೊಂಡು ನನ್ನನ್ನೊಮ್ಮೆ, ಕಂಕುಳಲ್ಲಿದ್ದ ಮಗಳನ್ನೊಮ್ಮೆ ನೋಡಿದ.

“ಹಂಗ ಇರಲಿ ಬಿಡ್ರಿ ಅಕ್ಕಾರ. ಎರಡನೇದ್ದು ಆಗಲಿ, ಆಮ್ಯಾಲೆ ಒಮ್ಮೆಲೆ ಹೊಲಿಯೂಣಂತ.”