ಚೌಥಿ ಸೀಟಿನ ಪಟ್ಟಾಭಿಷೇಕ

ನಿಮ್ಮ ಬ್ಯಾಗಿನಲ್ಲಿ ಎಂಥ ಉಂಟು ಅಂತ ನಾನು ಹೇಳ್ಲಾ? ಟಿಫಿನ್ ಡಬ್ಬ, ಛತ್ರಿ, ಮೊಬೈಲ್ ಚಾರ್ಜರ್. ಅದರಡಿಯಲ್ಲಿ ಪೇಪರ್ ಸುತ್ತಿದ ಒಂದು ದಪ್ಪ ಪುಸ್ತಕ. (ಸುತ್ತಿದ ಪೇಪರ್ ‘ಕರ್ನಾಟಕ ಮಲ್ಲ’. ಹೊರಗಿನಿಂದಾದರೂ ಗಂಭೀರ ಕಾಣಬೇಕಲ್ವಾ!) ಒಳಗೆ ಡ್ರ್ಯಾಗನ್, ವಿಷದ ಬಟ್ಟಲು, ಒಂದೇ ಸಿಂಹಾಸನದ ಮೇಲೆ ಕಣ್ಣಿಟ್ಟ ಐದಾರು ಮಂದಿ.

ಮುಂಬೈ ಲೋಕಲಿನಲ್ಲಿ ಕಳವಾದಿಂದ ಸಿಎಸ್‌ಎಂಟಿ ತನಕ ಬಿಡದೆ ಓದ್ತೀರಿ. ಯಾರಾದರೂ ಇಣುಕಿ ಕೇಳಿದರೆ ಮಾತ್ರ, “ಮಗಳದ್ದು, ಸುಮ್ಮನೆ ನೋಡ್ತಾ ಇದ್ದೆ” ಅಂತೀರಿ. ಮಗಳಿಗೆ ಪರೀಕ್ಷೆ. ಅವಳು ಪುಸ್ತಕ ಹುಡುಕ್ತಾ ಇದ್ದಾಳೆ, ಗೊತ್ತುಂಟಾ?

ಮೊನ್ನೆ ಸಾಹಿತ್ಯ ಗೋಷ್ಠಿ ಮುಗಿದ ಮೇಲೆ ಚಹಾ ಕುಡೀತಾ ಹೇಳಿದ್ದೂ ನೀವೇ ಅಲ್ವಾ? “ಮಾಯೆ ಮಂತ್ರ ಅರಮನೆ, ಅದೆಲ್ಲ ಇಂಗ್ಲಿಷಿನವರಿಗೆ ಸರಿ. ನಮಗೆ ವಾಸ್ತವ ಬೇಕು.” ನಾನು ಸುಮ್ಮನೆ ತಲೆ ಆಡಿಸಿದೆ. (ನಿಮ್ಮ ಫ್ಲ್ಯಾಟಿನ ಬಾಗಿಲಲ್ಲಿ ನಿಂಬೆಹಣ್ಣು, ಹಸಿಮೆಣಸು ತೂಗಾಡುವುದು ನೆನಪಾಯ್ತು. ಶನಿವಾರ ಶನಿವಾರ ಹೊಸತು. ವಾಸ್ತವವೇ, ಯಾರು ಇಲ್ಲ ಅಂದರು?)

ಅರಮನೆ ಒಳಸಂಚು ಇಂಗ್ಲಿಷಿನವರದ್ದಾ? ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1823ರಲ್ಲೇ, ಕೆಂಪುನಾರಾಯಣ ‘ಮುದ್ರಾಮಂಜೂಷ’ ಬರೆದಿಟ್ಟಿದ್ದಾನೆ. ಚಾಣಕ್ಯ, ರಾಕ್ಷಸ ಅಂತಲೇ ಹೆಸರಿರುವ ಮಂತ್ರಿ, ಕೈತಪ್ಪಿದ ಮುದ್ರೆಯುಂಗುರ, ವಿಷಕನ್ಯೆ. ಹೊಸಕಾಲದ ಕನ್ನಡ ಗದ್ಯ ಇನ್ನೂ ಗಂಟಲು ಸರಿಮಾಡಿಕೊಳ್ತಾ ಇದ್ದ ಹೊತ್ತು ಅದು. ಬಾಯಿ ತೆರೆದ ಕೂಡಲೇ ಹೇಳಿದ್ದು ಯಾರು ಯಾರನ್ನು ಹೇಗೆ ಮುಗಿಸಿದರು ಅಂತ!

ಅದೂ ಬೇಡ, ಲಕ್ಷ್ಮೀಶನ ‘ಜೈಮಿನಿ ಭಾರತ’ದ ಚಂದ್ರಹಾಸನನ್ನು ತೆಗೆದುಕೊಳ್ಳಿ. ಹುಡುಗ ಅನಾಥ, ಎಡಗಾಲಿಗೆ ಆರು ಬೆರಳು, ಬಾಯಲ್ಲಿ ಸಾಲಿಗ್ರಾಮ. ಇವನೇ ಮುಂದೆ ಅರಸನಾಗ್ತಾನೆ ಅಂತ ಭವಿಷ್ಯ. ಮಂತ್ರಿ ದುಷ್ಟಬುದ್ಧಿ ಕೊಲೆಗಾರರನ್ನು ಕಳಿಸ್ತಾನೆ. ಅವರು ಕನಿಕರಪಟ್ಟು ಆರನೇ ಬೆರಳು ಮಾತ್ರ ಕತ್ತರಿಸಿ ಕೆಲಸ ಆಯ್ತು ಅಂತಾರೆ. (ಬಿಲ್ ಪಾಸ್, ಕೆಲಸ ಅರ್ಧ. ನಮ್ಮ ಪ್ಲಂಬರ್‌ಗಳ ವಂಶದ ಮೂಲ ಸಿಕ್ಕಿತಲ್ಲ?)

ಆಮೇಲೆ ಕಾಗದದ ಪ್ರಸಂಗ. ಇವನಿಗೆ ವಿಷ ಕೊಡು ಅಂತ ಮಗ ಮದನನಿಗೆ ಮಂತ್ರಿ ಬರೆದ ಓಲೆಯನ್ನು ಚಂದ್ರಹಾಸನ ಕೈಯಲ್ಲೇ ಕಳಿಸ್ತಾನೆ. ಹುಡುಗ ಉದ್ಯಾನದಲ್ಲಿ ನಿದ್ದೆ. ಮಂತ್ರಿಯ ಮಗಳು ವಿಷಯೆ ಬಂದಳು, ಓದಿದಳು, ಕಣ್ಣಿನ ಕಾಡಿಗೆ ತೆಗೆದು ಒಂದಕ್ಷರ ತಿದ್ದಿದಳು. ವಿಷದ ಬದಲು ಹುಡುಗನಿಗೆ ವಿಷಯೆಯೇ ಸಿಕ್ಕಿದಳು! ಕೊಲೆಯ ಆರ್ಡರ್ ಮದುವೆ ಆಯ್ತು. ಆಯುಧ ಕಾಡಿಗೆ. ಹೇಳಿ, ಯಾವ ಡ್ರ್ಯಾಗನ್ ಇದಕ್ಕೆ ಸಾಟಿ?

ಹಳೇದಾಯ್ತು, ಹೊಸದು ಹೇಳಿ ಅಂತೀರಾ? ಚಂದ್ರಶೇಖರ ಕಂಬಾರರ ‘ಶಿಖರಸೂರ್ಯ’ ಉಂಟಲ್ಲ. ಶಿವಾಪುರದ ಮಾಯಾಲೋಕದಿಂದ ಹೊರಟವನು ಕನಕಪುರಿಯ ಅರಮನೆ ಸೇರಿ, ಕಲಿತ ವಿದ್ಯೆಯನ್ನೇ ಅಧಿಕಾರದ ಏಣಿ ಮಾಡಿಕೊಳ್ಳುವ ಕಾದಂಬರಿ. ಮಂತ್ರ, ಮದ್ದು, ಪಟ್ಟ, ಚಿನ್ನದ ಹುಚ್ಚು, ಎಲ್ಲವೂ ಉಂಟು. ಕಂಬಾರರಿಗೆ 2010ರ ಸಾಲಿನ ಜ್ಞಾನಪೀಠ ಬಂದಾಗ ಅವರಿಗಿಂತ ಹೆಚ್ಚು ಶಾಲು ಹೊದೆಸಿಕೊಂಡ ಹಾಗೆ ಬೀಗಿದ್ದು ನೀವೇ. ಪುಸ್ತಕ ಮಾತ್ರ ನಿಮ್ಮ ಶೋಕೇಸಿನಲ್ಲಿ, ಗಣಪತಿಯ ಪಕ್ಕ, ಪ್ಲಾಸ್ಟಿಕ್ ಕವರಿನಲ್ಲೇ ಕೂತಿದೆ. (ನಾನು ಮುಟ್ಟಿ ನೋಡಿದ್ದೇನೆ. ನೀವು ಒಳಗೆ ಚಕ್ಕುಲಿ ತರಲಿಕ್ಕೆ ಹೋಗಿದ್ರಿ.)

ಮತ್ತೆ ‘ಚಂದ್ರಕಾಂತಾ’? 1994ರಲ್ಲಿ ದೂರದರ್ಶನದಲ್ಲಿ ಅದು ಬರುವಾಗ ಭಾನುವಾರ ಬೆಳಿಗ್ಗೆ ನಿಮ್ಮ ಚಾಳಿನಲ್ಲಿ ನಲ್ಲಿ ನೀರು ಹಿಡಿಯಲಿಕ್ಕೂ ಜನ ಇರ್ತಿರಲಿಲ್ಲ. ಕ್ರೂರಸಿಂಗನ ಹುಬ್ಬು ನೆನಪುಂಟಾ? ಅದರ ಮೂಲ ದೇವಕೀನಂದನ ಖತ್ರಿಯ 1888ರ ಹಿಂದಿ ಕಾದಂಬರಿ. ಆ ಮನುಷ್ಯ ಕಾಶಿ ಹತ್ತಿರದ ಕಾಡುಗಳ ಗುತ್ತಿಗೆದಾರ. ಹಾಳು ಕೋಟೆಗಳ ನಡುವೆ ತಿರುಗಿ ತಿರುಗಿ ಕಥೆ ಕಟ್ಟಿದ. (ನಮ್ಮ ಕಾಂಟ್ರಾಕ್ಟರುಗಳೂ ಕಲ್ಪನೆಯಿಂದಲೇ ಬರೀತಾರೆ. ಅದಕ್ಕೆ ಎಸ್ಟಿಮೇಟ್ ಅಂತಾರೆ.)

ಈಗ ಅಸಲು ಮಾತಿಗೆ ಬರ್ತೇನೆ, ಸ್ವಲ್ಪ ಹತ್ತಿರ ಬನ್ನಿ. ನೀವು ಇಂಥ ಪುಸ್ತಕ ಓದುವುದು ಮಾಯೆಗಾಗಿ ಅಲ್ಲ ಮಾರಾಯ್ರೇ. ಟ್ರೇನಿಂಗಿಗೆ! ಕಳವಾದಲ್ಲಿ ಇರುವವರಿಗೆ ರಾಜಕಾರಸ್ಥಾನ ಬಾರದಿದ್ದರೆ ಆಫೀಸಿನ ತನಕ ನಿಂತೇ ಹೋಗಬೇಕು.

ಫಾಸ್ಟ್ ಲೋಕಲ್ ನಮ್ಮಲ್ಲಿ ನಿಲ್ಲೋದಿಲ್ಲ. ಸ್ಲೋ ಬರುವಾಗ ಡೊಂಬಿವಲಿ, ದಿವಾ, ಮುಂಬ್ರಾದವರು ತುಂಬಿಸಿಯೇ ಕಳಿಸಿರ್ತಾರೆ. ಉಳಿದದ್ದು ರೈಲು ತಂಗುವ ಕಾರ್‌ಶೆಡ್. ಬೆಳಿಗ್ಗೆ ಖಾಲಿ ರೇಕ್ ಎಷ್ಟು ಗಂಟೆಗೆ ಹೊರಡ್ತದೆ, ಯಾವ ಲೈನಿನಿಂದ, ಎಲ್ಲಿ ಸ್ವಲ್ಪ ನಿಧಾನ ಮಾಡ್ತದೆ, ನಿಮಗೆ ಹೇಗೆ ಗೊತ್ತಾಗ್ತದೆ? ಟೈಮ್‌ಟೇಬಲಿನಲ್ಲಂತೂ ಇಲ್ಲ. ಗೂಢಚಾರರು ಇದ್ದಾರೆ, ವಾಟ್ಸ್ಆ್ಯಪ್ ಗ್ರೂಪ್ ಉಂಟು, ಸಂಕೇತ ಭಾಷೆ ಉಂಟು. (“ದೂಧ್ ಆ ಗಯಾ” ಅಂತ ಮೆಸೇಜ್ ಬಂದಾಗ ಮನೆಯವರು ಪಾತ್ರೆ ತರ್ತಾರೆ, ನೀವು ಚಪ್ಪಲಿ ಹುಡುಕ್ತೀರಿ.) ರೈಲ್ವೆಯವರು ಹತ್ತಬೇಡಿ, ಅಪಾಯ ಅಂತಾರೆ. ಅವರು ಹೇಳುವುದು ಸರಿಯೇ. ನೀವು ಕೇಳುವ ಜನವಾ?

2022ರ ಆಗಸ್ಟಿನಲ್ಲಿ ಆ ಕಾರ್‌ಶೆಡ್ಡಿನಿಂದ ಎಸಿ ಲೋಕಲ್ ಹೊರಟಾಗ ಏನಾಯ್ತು? ಬಾಗಿಲು ತನ್ನಷ್ಟಕ್ಕೇ ಮುಚ್ಚುವ ರೈಲು! ಕೋಟೆಯ ಕಳ್ಳದಾರಿಗೇ ಬೀಗ ಬಿದ್ದಂತಾಯ್ತು. ಜನ ಹಳಿಗೆ ಇಳಿದು ತಡೆದೇ ಬಿಟ್ಟರು. ನೀವು ಇರಲಿಲ್ಲ ಅಂತೀರಿ. ಆದರೆ ನ್ಯೂಸಿನಲ್ಲಿ ಹಿಂದೆ ನಿಂತಿದ್ದ ಆ ನೀಲಿ ಛತ್ರಿ… ಹೋಗಲಿ ಬಿಡಿ.

ಒಳಗೆ ಹತ್ತಿದ ಮೇಲೆ ಉತ್ತರಾಧಿಕಾರದ ಪ್ರಶ್ನೆ. ಕೂತವನ ಮುಂದೆ ನಿಂತು ನೀವು ಮೆತ್ತಗೆ ಕೇಳ್ತೀರಿ, “ಕುಠೆ ಉತರಣಾರ್?” ಎಲ್ಲಿ ಇಳೀತೀರಿ ಅಂತ. ಅವನು “ಘಾಟ್ಕೋಪರ್” ಅಂದನೋ, ಮುಗೀತು, ನೀವೀಗ ಯುವರಾಜ. ಅಲ್ಲಿಂದ ಘಾಟ್ಕೋಪರ್ ತನಕ ಪಕ್ಕದವನ ಮೊಣಕೈ ಕಡೆ ಒಂದು ಕಣ್ಣು. ಅವನೇನಾದರೂ ಮುಲುಂಡಿನಲ್ಲಿ ಒಂದಡಿ ಮುಂದೆ ಬಂದರೆ, ಅದು ದಂಗೆ. ಮೂವರ ಬೆಂಚಿನ ಚೌಥಿ ಸೀಟಿಗೆ, ಅರ್ಧ ಅಂಡು ಗಾಳಿಯಲ್ಲಿ ತೇಲುವ ಆ ಜಾಗಕ್ಕೆ, ಇಷ್ಟು ಒಳಸಂಚು! ಹಸ್ತಿನಾಪುರಕ್ಕೂ ಇಷ್ಟು ಖರ್ಚಾಗಿರ್ಲಿಕ್ಕಿಲ್ಲ.

ಕೋಟೆ ಅಂದ ಮೇಲೆ ಸುರಂಗ ಬೇಡ್ವಾ? ಪಾರ್ಸಿಕ್ ಗುಡ್ಡದೊಳಗೆ 1916ರದ್ದೇ ಉಂಟು, ಒಂದು ಕಿಲೋಮೀಟರಿಗಿಂತ ಉದ್ದ. ಇನ್ನು ಕಾಯುವ ಮಾತು. ಬ್ಯಾಗಿನಲ್ಲಿರುವ ಆ ಡ್ರ್ಯಾಗನ್ ಪುಸ್ತಕ ಬರೆದ ಜಾರ್ಜ್ ಮಾರ್ಟಿನ್ ತನ್ನ ಸಿಂಹಾಸನದ ಕಥೆಯ ಐದನೇ ಸಂಪುಟ ಕೊಟ್ಟದ್ದು 2011ರಲ್ಲಿ. ಆರನೆಯದಕ್ಕೆ ಲೋಕವೆಲ್ಲ ಅವನಿಗೆ ಬೈತಾ ಕಾಯ್ತಾ ಉಂಟು. ಕಳವಾದವರು ಬೈಯೋದಿಲ್ಲ. ಕಳವಾ–ಐರೋಲಿ ರೈಲು ಲಿಂಕ್ ಮಂಜೂರಾದದ್ದು 2016ರಲ್ಲಿ. ಅದರ ದಿಘಾ ಗಾಂವ್ ಸ್ಟೇಷನ್ 2024ರ ಜನವರಿಯಲ್ಲಿ ತೆರೆಯಿತು. ಉಳಿದ ಅಧ್ಯಾಯಕ್ಕೆ ನಾವು ಕಾಯ್ತೇವೆ, ಅಭ್ಯಾಸ ಉಂಟು.

ಸಂಜೆ ಮನೆಗೆ ಬಂದರೆ ಅಲ್ಲಿಯೂ ದರ್ಬಾರು. ಸೊಸೈಟಿಯ ಎಜಿಎಮ್! ಚೇರ್ಮನ್, ಸೆಕ್ರೆಟರಿ, ಖಜಾಂಚಿ, ಪಾರ್ಕಿಂಗಿನ ಗಡಿ ತಂಟೆ. ರೀಡೆವಲಪ್‌ಮೆಂಟ್ ಅಂತ ಬಿಲ್ಡರ್ ಬಣ್ಣದ ನಕ್ಷೆ ಬಿಡಿಸಿದ ದಿನ ನೀವು ಕಣ್ಣು ಮಿಟುಕಿಸಲಿಲ್ಲ. ಕಾಗದದಲ್ಲಿ ಹಿಗ್ಗಿ, ಕೈಗೆ ಬಂದಾಗ ಕುಗ್ಗುವ ಕಾರ್ಪೆಟ್ ಏರಿಯಾಕ್ಕಿಂತ ದೊಡ್ಡ ಮಾಯೆ ಯಾವ ಕಾದಂಬರಿಯಲ್ಲಿ ಉಂಟು? “ವಾಸ್ತವ ಬೇಕು” ಅಂದವರು ನೀವು, ನೆನಪಿರಲಿ.

ಆದರೆ ಒಂದು ಸಂಗತಿ ನನಗೆ ಮಜಾ ಕಾಣ್ತದೆ. ಇಷ್ಟು ಅರಮನೆ ಕಥೆ ಓದಿದ್ದೀರಿ, ನೋಡಿದ್ದೀರಿ. ಪ್ರತಿ ಸಲವೂ ನೀವು ಯಾರು? ಚಂದ್ರಹಾಸ! ಆರನೇ ಬೆರಳು ಕಳಕೊಂಡ ಪಾಪದ ಹುಡುಗ, ಹಕ್ಕಿನ ಪಟ್ಟ ತಪ್ಪಿದವನು. ಮಂತ್ರಿ ಯಾವಾಗಲೂ ಬೇರೆಯವನು: ಆಫೀಸಿನ ಬಾಸ್, ಸಂಘದ ಮಾಜಿ ಅಧ್ಯಕ್ಷ, ಮೂರನೇ ಮಾಳಿಗೆಯವನು. ಹಾಗಾದರೆ ಮೂರನೇ ಮಾಳಿಗೆಯವನ ಲೀಕೇಜ್ ಬಗ್ಗೆ ಸೊಸೈಟಿಗೆ ಹೋದ ಆ ಹೆಸರಿಲ್ಲದ ಕಾಗದ ಬರೆದದ್ದು ಯಾರು ಸ್ವಾಮಿ? (ಅಕ್ಷರ ಗುಂಡಗೆ, ಊರಿನ ಶಾಲೆಯಲ್ಲಿ ಕಾಪಿ ಬರೆದವರದ್ದು.)

ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳದವರು ಮುಂಬೈಗೆ ಬರ್ತಾರಲ್ಲ, ಕಳೆದ ಸಲ ಒಟ್ಟಿಗೇ ಆಟಕ್ಕೆ ಹೋಗಿದ್ದೆವು. ಪ್ರಸಂಗ ಅದೇ ಚಂದ್ರಹಾಸ. ಚೆಂಡೆ ಬಿತ್ತು, ದುಷ್ಟಬುದ್ಧಿ ಪ್ರವೇಶ ಆಯ್ತು, ನೀವು ನನ್ನ ಪಕ್ಕೆಗೆ ತಿವಿದು, “ನೋಡಿ, ನಮ್ಮ ಸೆಕ್ರೆಟರಿಯೇ!” ಅಂದಿರಿ. ಎರಡು ಸಾಲು ಮುಂದೆ ಸೆಕ್ರೆಟರಿಯೂ ಕೂತಿದ್ದರು. ಅವರು ಹೆಂಡತಿಯ ಕಿವಿಯಲ್ಲಿ ಏನೋ ಹೇಳಿದರು. ಇಬ್ಬರೂ ತಿರುಗಿ ಸೀದಾ ನಿಮ್ಮನ್ನೇ ನೋಡಿ ನಕ್ಕರು. ನೀವೂ ಕೈ ಬೀಸಿದಿರಿ.