ಲೂತಾವಿವಾಹ ಮೀಮಾಂಸೆ

ವಧೂವರರ ವಯೋನಿರ್ಣಯವನ್ನು ಕುರಿತು ನಮ್ಮ ಪೂರ್ವಿಕರು ಬರೆದಿಟ್ಟ ಗ್ರಂಥಗಳಿಗೆ ಲೆಕ್ಕವಿಲ್ಲವಾದರೂ, ಎಂಟು ಕಾಲೂ ಎಂಟು ಕಣ್ಣೂ ಉಳ್ಳ ಕನ್ಯೆಗೆ ಅನುರೂಪನಾದ ವರನನ್ನು ಅರಸಹೊರಟ ಗೃಹಸ್ಥನಿಗೆ ಅವುಗಳಿಂದ ಒದಗುವ ಸಹಾಯ ಅತ್ಯಲ್ಪವೆಂದೇ ಹೇಳಬೇಕು. ಯೂರೋಪು ಅಮೆರಿಕಗಳಲ್ಲಿ ಸಭ್ಯರಾದ ಅನೇಕರು ಗಾಜಿನ ಪೆಟ್ಟಿಗೆಯೊಳಗೆ ತೆಂಗಿನ ನಾರಿನ ಪುಡಿಯನ್ನು ಹರಡಿ, ಅಂಗೈಯಗಲದ ಟರಾಂಟುಲಾ ಜೇಡಗಳನ್ನು ಸಾಕಿ, ಅವಕ್ಕೆ ಜಿರಲೆಗಳನ್ನು ಉಣಿಸುತ್ತ, ಅವುಗಳ ಸಂತಾನವನ್ನು ಕಣ್ಣಾರೆ ಕಾಣುವ ಆಸೆಯಿಂದ ವರ್ಷಗಟ್ಟಲೆ ಕಾದುಕೊಂಡಿರುವಲ್ಲಿ, ಈ ಶಾಸ್ತ್ರಲೋಪವನ್ನು ಇನ್ನೂ ಹಾಗೆಯೇ ಬಿಡುವುದು ವಿದ್ವಜ್ಜನರಿಗೆ ಭೂಷಣವಲ್ಲ.

ಮೊದಲು ಗೋತ್ರವಿಚಾರ. ಮೆಕ್ಸಿಕೋ ದೇಶದ ಪಶ್ಚಿಮ ತೀರದಿಂದ ಬಂದ ಕೆಂಪುಮಂಡಿಯ ಜೇಡವನ್ನು ಸಾಕುವವರೆಲ್ಲರೂ ಬಹುಕಾಲ ‘ಬ್ರಾಕಿಪೆಲ್ಮ ಸ್ಮಿತಿ’ ಎಂಬ ಒಂದೇ ನಾಮಧೇಯದಿಂದ ಕರೆದುಕೊಂಡು ನೆಮ್ಮದಿಯಾಗಿದ್ದರು. 2017ರಲ್ಲಿ ಮೆಂಡೋಜಾ ಮತ್ತು ಫ್ರಾಂಕೆ ಎಂಬ ಪಂಡಿತರಿಬ್ಬರು ವಿಮರ್ಶೆ ಮಾಡಿ, ಸಾಕುವವರ ಮನೆಗಳಲ್ಲಿರತಕ್ಕವುಗಳಲ್ಲಿ ಬಹುಪಾಲು ‘ಹಮೋರಿಯೈ’ ಎಂಬ ಬೇರೊಂದು ಪ್ರಭೇದಕ್ಕೆ ಸೇರಿದವೆಂದು ತೋರಿಸಿದ ಮೇಲೆ, ಎಷ್ಟು ಮದುವೆಗಳು ಸಂಕರದೋಷಕ್ಕೆ ಗುರಿಯಾದವೋ ದೇವರೇ ಬಲ್ಲ. ನಮ್ಮಲ್ಲಿ ಸಗೋತ್ರ ವಿವಾಹ ನಿಷಿದ್ಧ. ಜೇಡಗಳಲ್ಲಾದರೋ ಭಿನ್ನಗೋತ್ರವೇ ನಿಷಿದ್ಧ. ಈ ಭೇದವನ್ನು ಅರಿಯದ ಪುರೋಹಿತನು ಪೆಟ್ಟಿಗೆಯ ಮುಚ್ಚಳವನ್ನು ತೆರೆಯಲಾಗದು.

ಇನ್ನು ಪ್ರೌಢತೆಯ ನಿರ್ಣಯಕ್ಕೆ ಪ್ರಮಾಣವಾವುದು? ಮಾರಾಟಗಾರನ ಮಾತೆಂಬ ಶಬ್ದಪ್ರಮಾಣವು ಗ್ರಾಹ್ಯವಲ್ಲ. ಹೆಣ್ಣಿಗೆ ಬೆಲೆ ಹೆಚ್ಚಾದುದರಿಂದ, ಸಂಶಯವಿದ್ದೆಡೆಯಲ್ಲೆಲ್ಲ ಆತನ ಅಭಿಪ್ರಾಯವು ಹೆಣ್ಣಿನ ಕಡೆಗೇ ವಾಲುವುದು ಸಹಜ. ಗಾತ್ರದಿಂದ ವಯಸ್ಸನ್ನು ಊಹಿಸುವ ಅನುಮಾನಪ್ರಮಾಣವೂ ನಿಲ್ಲದು. ಬೆಚ್ಚಗಿನ ಕೋಣೆಯಲ್ಲಿ ಹೊಟ್ಟೆತುಂಬ ಉಂಡ ಮರಿಯು ತಂಪಿನಲ್ಲಿ ಅರೆಹೊಟ್ಟೆಯಲ್ಲಿರುವ ತನ್ನ ಒಡಹುಟ್ಟನ್ನು ಎಷ್ಟೋ ಮುಂಚಿತವಾಗಿ ಮೀರಿ ಬೆಳೆಯುತ್ತದೆ. ಆದಕಾರಣ ಪ್ರತ್ಯಕ್ಷವೇ ಶರಣು.

ವರನು ತನ್ನ ಕೊನೆಯ ಪೊರೆಯನ್ನು ಕಳಚಿದೊಡನೆ, ಬಾಯಿಯ ಪಕ್ಕದ ಎರಡು ಸ್ಪರ್ಶಪಾದಗಳ ತುದಿಯಲ್ಲಿ ಸಣ್ಣ ಗುಬುಟುಗಳೂ ಮುಂಗಾಲುಗಳ ಒಳಮಗ್ಗುಲಲ್ಲಿ ಕೊಕ್ಕೆಗಳೂ ಕಾಣಿಸಿಕೊಳ್ಳುತ್ತವೆ. ಕೊಕ್ಕೆಯೊಂದನ್ನೇ ಲಕ್ಷಣವೆಂದು ಹಿಡಿದವನಿಗೆ ಅವ್ಯಾಪ್ತಿದೋಷ ತಪ್ಪಿದ್ದಲ್ಲ. ಏಕೆಂದರೆ ಭಾರತ ಮತ್ತು ಸಿಂಹಳಗಳ ಪೆಸಿಲೋಥೀರಿಯ ಕುಲದ ಗಂಡುಗಳಿಗೆ ಕೊಕ್ಕೆಗಳೇ ಇಲ್ಲ, ಅಂಥವನು ಇಂಗ್ಲಿಷಿನಲ್ಲಿ ಮೈಸೂರಿನ ಹೆಸರನ್ನು ಹೊತ್ತಿರುವ ಪೆಸಿಲೋಥೀರಿಯ ಸ್ಟ್ರಿಯಾಟವನ್ನು ಸಾಯುವತನಕ ಬಾಲಕನೆಂದೇ ಸಾಕಿಯಾನು. ಗುಬುಟುಗಳು ಬಂದ ಮಾತ್ರಕ್ಕೆ ಮುಹೂರ್ತವನ್ನಿಡುವುದೂ ಅವಿವೇಕ. ವರನು ಚಿಕ್ಕದೊಂದು ಬಲೆಯ ಹಾಸನ್ನು ನೆಯ್ದು, ಅದರ ಮೇಲೆ ತನ್ನ ರೇತಸ್ಸನ್ನು ಬಿಟ್ಟು, ಬಳಿಕ ಅದನ್ನು ಆ ಗುಬುಟುಗಳೊಳಕ್ಕೆ ಹೀರಿಕೊಳ್ಳುವವರೆಗೆ, ಅವನ ಸ್ಥಿತಿಯು ನೇಮಕದ ಆಜ್ಞೆ ಕೈಸೇರಿ ಸಂಬಳವಿನ್ನೂ ಮಂಜೂರಾಗದ ಗುಮಾಸ್ತನದು.

ವಧುವಿನ ಪರೀಕ್ಷೆಯಾದರೋ ಇದಕ್ಕಿಂತ ಸೂಕ್ಷ್ಮ. ಆಕೆಯ ಹೊರಮೈಯಲ್ಲಿ ಅಂಥ ಕುರುಹುಗಳಿಲ್ಲ. ಪರೀಕ್ಷಿಸತಕ್ಕದ್ದು ವಧುವನ್ನಲ್ಲ, ಆಕೆ ಕಳಚಿ ಬಿಸುಟ ಪೊರೆಯನ್ನು. ಒಣಗಿ ಮುದುಡಿದ ಆ ಪೊರೆಯನ್ನು ಒಂದು ತೊಟ್ಟು ಸಾಬೂನು ಬೆರಸಿದ ಬೆಚ್ಚನೆಯ ನೀರಿನಲ್ಲಿ ನೆನೆಯಿಸಿ, ಉದರಭಾಗವನ್ನು ನವುರಾದ ಕುಂಚದಿಂದ ಹರಿಯದಂತೆ ಬಿಡಿಸಿ, ಮುಂದಿನ ಜೋಡಿ ಶ್ವಾಸಾಂಗಗಳ ಬಿಳಿಯ ಗುರುತುಗಳ ನಡುವೆ ಭೂತಗನ್ನಡಿಯಲ್ಲಿ ನೋಡಿದರೆ, ರೇತಸ್ಸನ್ನು ಸಂಗ್ರಹಿಸಿಡುವ ಕೋಶವು ಪುಟ್ಟದೊಂದು ಮಡಿಕೆಯಾಗಿ ಎದ್ದು ನಿಂತಿರುತ್ತದೆ. ಅದು ಚೆನ್ನಾಗಿ ಬಲಿತಿದ್ದರೆ ಕನ್ಯೆ ಪ್ರಾಪ್ತವಯಸ್ಕಳು. ಮದುವೆಗೆ ಮುನ್ನ ಹುಡುಗಿಯ ಹಳೆಯ ಬಟ್ಟೆಗಳನ್ನು ಭೂತಗನ್ನಡಿ ಹಿಡಿದು ನೋಡುತ್ತೇನೆಂದು ನಮ್ಮ ಬೀಗರಾರಾದರೂ ಕೇಳಿದ್ದರೆ ಅವರಿಗೆ ಕಾಫಿಯೂ ಹುಟ್ಟುತ್ತಿರಲಿಲ್ಲ.

ಇಲ್ಲಿ ಒಂದು ಧರ್ಮಸೂಕ್ಷ್ಮವಿದೆ. ಪ್ರೌಢನಾದ ವರನು ಮತ್ತೆ ಪೊರೆ ಕಳಚಿ ಬದುಕುವುದು ಅಪರೂಪ. ಅವನ ಆಯುಸ್ಸು ಅಲ್ಲಿಂದಾಚೆಗೆ ತಿಂಗಳುಗಳ ಲೆಕ್ಕದ್ದು. ವಧುವೋ ಇಪ್ಪತ್ತು ವರ್ಷಗಳನ್ನೂ ದಾಟಬಲ್ಲಳು, ಪೊರೆ ಕಳಚುತ್ತಲೇ ಇರುವಳು. ಸಮಾಗಮವಾದ ಬಳಿಕ ಮೊಟ್ಟೆಯಿಡುವುದಕ್ಕೆ ಮೊದಲೇ ಆಕೆ ಪೊರೆ ಬಿಟ್ಟಳೆಂದರೆ, ಸಂಗ್ರಹಿಸಿದ ರೇತಸ್ಸೆಲ್ಲವೂ ಆ ಕೋಶದ ಒಳಪದರದೊಡನೆಯೇ ಹೊರಬಿದ್ದು, ಮಹಾಭಾರತದ ಮಾಧವಿಯಂತೆ ಆಕೆ ಮರಳಿ ಕನ್ಯೆಯಾಗುತ್ತಾಳೆ. ಹಾಗಾದರೆ ಹಳೆಯ ವರನಿಗೆ ಹಕ್ಕುಂಟೋ? ಪ್ರಶ್ನೆ ಗಹನವಾದರೂ, ಅದನ್ನು ಎತ್ತುವುದಕ್ಕೆ ಹಳೆಯ ವರನು ಸಾಮಾನ್ಯವಾಗಿ ಉಳಿದಿರುವುದಿಲ್ಲ.

ಪ್ರಯೋಗವಿಧಿ ಸರಳ. ಪೊರೆ ಬಿಟ್ಟು ಮೈ ಗಟ್ಟಿಯಾದ ವಧುವಿಗೆ ಮೊದಲು ಯಥೇಚ್ಛವಾಗಿ ಉಣಿಸತಕ್ಕದ್ದು. ಹಸಿದವಳ ಮುಂದೆ ವರನನ್ನು ನಿಲ್ಲಿಸಿದವನು ವಿವಾಹವನ್ನಲ್ಲ, ಭೋಜನವನ್ನು ಏರ್ಪಡಿಸಿದಂತಾಯಿತು. ವರನು ಹೊಸ್ತಿಲಲ್ಲಿ ನಿಂತು ಕಾಲುಗಳಿಂದ ನೆಲವನ್ನು ಬಡಿಯುವನು. ಒಳಗಿನಿಂದ ಮರುಬಡಿತ ಬಂದರೆ ಸಮ್ಮತಿ. ಬಳಿಕ ಅವನು ಆಕೆಯ ವಿಷದಂತಗಳನ್ನು ಕೊಕ್ಕೆಗಳಿಂದ ಎತ್ತಿಹಿಡಿದು ಕಾರ್ಯವನ್ನು ಮುಗಿಸಿ, ಆಶೀರ್ವಾದಕ್ಕೂ ಕಾಯದೆ ಹಿಂದೆ ಸರಿಯುವನು. ಉದ್ದನೆಯ ಕುಂಚವೊಂದನ್ನು ಹಿಡಿದು ನಡುವೆ ಬರಲು ಸಿದ್ಧನಾಗಿ ನಿಂತಿರುವುದೇ ಪೌರೋಹಿತ್ಯ. ನಾವು ಭೂತಗನ್ನಡಿ ಹಿಡಿದು ಬರೆದ ತೀರ್ಪೆಲ್ಲವೂ ಇಲ್ಲಿ ಮೇಲ್ಮನವಿಗೆ ಒಳಪಟ್ಟಿದೆ.

ಕಡೆಯದಾಗಿ ವ್ಯವಹಾರಕಾಂಡ. ಗಂಡನ್ನು ಒಬ್ಬರಿಂದೊಬ್ಬರು ಎರವಲು ತಂದು, ಹುಟ್ಟಿದ ಮರಿಗಳನ್ನು ಸಮಪಾಲು ಮಾಡಿಕೊಳ್ಳುವ ಪದ್ಧತಿ ಸಾಕುವವರಲ್ಲುಂಟು. ವರನು ಮಂಟಪದಲ್ಲೇ ಭುಕ್ತನಾದರೂ ಅವನ ಯಜಮಾನನ ಅರ್ಧಾಂಶಕ್ಕೆ ಚ್ಯುತಿಯಿಲ್ಲವೆಂಬುದು ನನ್ನ ಮತ. ಮರಿಗಳಾದರೋ ನೂರುಗಟ್ಟಲೆ, ಒಂದೆಡೆ ಬಿಟ್ಟರೆ ಕ್ರಮೇಣ ಒಂದನ್ನೊಂದು ತಿನ್ನುವವು. ಆದುದರಿಂದ ತಮ್ಮ ಪಾಲನ್ನು ಒಯ್ಯಬಂದ ವರನ ಕಡೆಯವರು ಮರಿಗೊಂದರಂತೆ ಡಬ್ಬಿಗಳನ್ನು ತಾವೇ ತರತಕ್ಕದ್ದು.