ಸಾರು ತೋಟಕ್ಕೆ ಬಂದವ್ರೆ

ಶನಿವಾರ ಬೆಳಗ್ಗೆ ಮಾಲೂರು ದಾಟಿ ಟೇಕಲ್ ಕಡೆಗೆ ಹೋಗುವ ಕಾರುಗಳಲ್ಲಿ ಇವರ ಕಾರನ್ನು ಗುರುತಿಸುವುದು ಕಷ್ಟವಲ್ಲ. ಪೂರ್ತಿ ಮುಚ್ಚದ ಡಿಕ್ಕಿಯಿಂದ ಡ್ರಿಪ್ ಪೈಪಿನ ಸುರುಳಿ ಇಣುಕುತ್ತಿರುತ್ತದೆ, ಹಿಂದಿನ ಸೀಟಿನಲ್ಲಿ ಬೇವಿನಹಿಂಡಿಯ ಮೂಟೆ ಕೂತಿರುತ್ತದೆ, ಅಮ್ಮನವರ ತೊಡೆಯ ಮೇಲೆ ಕರಿಬೇವಿನ ಸಸಿ. ಸ್ಟೀರಿಂಗ್ ಹಿಡಿದಿರುವ ರಾಯರು ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದು ನಿವೃತ್ತರಾದವರು. ಅಮ್ಮನವರು ಹೈಸ್ಕೂಲಿನಲ್ಲಿ ಗಣಿತದ ಮೇಡಂ ಆಗಿದ್ದವರು. ಜಯನಗರದಲ್ಲಿ ಮನೆ, ಅಮೆರಿಕದಲ್ಲಿ ಮಗಳು, ಟೇಕಲ್ಲಿನ ಬಂಡೆಗಳ ನಡುವೆ ಒಂದು ಎಕರೆ ಚಿಲ್ಲರೆ ಕೆಂಪು ನೆಲ. ಅದರಲ್ಲಿ ಮಾಲೂರು ಹೆಂಚು ಹೊದಿಸಿದ ಒಂದು ಕೋಣೆ. ರಾಯರು ಅದಕ್ಕೆ ಫಾರ್ಮ್‌ಹೌಸ್ ಅನ್ನುತ್ತಾರೆ. ಅಮ್ಮನವರು ಶೆಡ್ಡು ಅನ್ನುತ್ತಾರೆ. ಕರೆಂಟ್ ಬಿಲ್ಲಿನಲ್ಲೂ ಅಮ್ಮನವರದೇ ಗೆದ್ದಿದೆ.

ಇಂಥ ಜೋಡಿಗಳು ಈಗ ಈ ಕಡೆ ಬೇಕಾದಷ್ಟಿವೆ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಹೋದ ಮೇಲೆ ಪಿಂಚಣಿ ಬರುವವರೆಲ್ಲ ರೈತರಾಗಬಹುದು. ನಮ್ಮ ರಾಯರು ಅದಕ್ಕೂ ಮುಂಚಿನವರು. ತಾತ ರೈತನಾಗಿದ್ದ ಎಂದು ತೋರಿಸಲು ಹಳೇ ಪಹಣಿ ಹುಡುಕಿ ತಂದು ಜಮೀನು ಕೊಂಡವರು. ಆ ಪಹಣಿಗೆ ಕಟ್ಟು ಹಾಕಿಸಿ ಶೆಡ್ಡಿನ ಗೋಡೆಗೆ ತೂಗುಹಾಕಿದ್ದಾರೆ. ಬೇಸಾಯ ಸಾಕಪ್ಪಾ ಸಾಕು ಎಂದು ಹೊಲ ಮಾರಿ ಬೆಂಗಳೂರು ಸೇರಿದ್ದು ಇದೇ ತಾತ ಎಂಬುದನ್ನು ಮಾತ್ರ ಬಂದವರಿಗೆ ಹೇಳುವುದಿಲ್ಲ.

ಇವರನ್ನು ಇವರ ಪೂರ್ಣ ಕಳೆಯಲ್ಲಿ ನೋಡಬೇಕಾದರೆ ಶಿವರಾತ್ರಿಗೂ ಯುಗಾದಿಗೂ ನಡುವೆ ಹೋಗಬೇಕು. ಅವರೆಕಾಯಿ ಮುಗಿದಿರುತ್ತದೆ, ಹೊಂಗೆ ಎಲೆ ಉದುರಿಸಿ ಚಿಗುರುತ್ತಿರುತ್ತದೆ, ಮಾವು ಹೂವಿನಿಂದ ಮುಚ್ಚಿಹೋಗಿರುತ್ತದೆ. ರಾಯರು ಹಳೇ ಬ್ಯಾಂಕ್ ಡೈರಿ ಹಿಡಿದು ಮರದಿಂದ ಮರಕ್ಕೆ ಗೊಂಚಲು ಎಣಿಸುತ್ತಾರೆ. ಗೊಂಚಲಿಗೆ ಎರಡೇ ಕಾಯಿ ನಿಂತರೂ ಇಷ್ಟು ಡಜನ್, ಇಷ್ಟು ಪೆಟ್ಟಿಗೆ ಎಂಬ ಅಂದಾಜು ಪಟ್ಟಿ ಅವತ್ತೇ ಮಗಳಿಗೆ ವಾಟ್ಸಾಪ್ ಆಗುತ್ತದೆ.

“ರೀ, ಮಾವಿನ ಗೊಂಚಲಲ್ಲಿ ಗಂಡು ಹೂವೇ ಜಾಸ್ತಿ ಇರತ್ತೆ. ನೋಡೋಕೆ ಜಂಬ, ಕಾಯಿ ಕಚ್ಚಲ್ಲ.”

“ಯಾರು ಹೇಳಿದ್ದು?”

“ಪುಸ್ತಕದಲ್ಲಿದೆ. ಮನೇಲೂ ನೋಡಿದೀನಿ.”

ಸಾವಿರಗಟ್ಟಲೆ ಹೂವಿನಲ್ಲಿ ಒಂದೋ ಎರಡೋ ಕಾಯಿ ನಿಂತರೆ ಅದೇ ಪುಣ್ಯ ಎನ್ನುವುದು ಶ್ರೀನಿವಾಸಪುರದ ಮಾವಿನ ರೈತನಿಗೆ ಹುಟ್ಟಿನಿಂದಲೇ ಗೊತ್ತು. ರಾಯರಿಗೆ ಅದು ಪ್ರತಿವರ್ಷವೂ ಹೊಸ ಸುದ್ದಿ.

ವಾರವೆಲ್ಲ ತೋಟ ನೋಡಿಕೊಳ್ಳುವವನು ಊರಿನ ಒಬ್ಬ ತಾತ. ಶುಕ್ರವಾರ ಸಂಜೆಯೇ ಅವನು ಪಾತಿ ಕೆದಕಿ, ಕಸ ಗುಡಿಸಿ ಇನ್‌ಸ್ಪೆಕ್ಷನ್ನಿಗೆ ಸಿದ್ಧನಾಗುತ್ತಾನೆ. ಪ್ರತಿ ಗಿಡದ ಬುಡದಲ್ಲೂ ರಾಯರು ಕೈಯಾರೆ ಬರೆದ ಪ್ಲಾಸ್ಟಿಕ್ ಚೀಟಿ ಇದೆ: ಹೆಸರು, ತಳಿ, ನೆಟ್ಟ ದಿನಾಂಕ, ಸಹಿ. ಎಷ್ಟೋ ಕಡೆ ಗಿಡವನ್ನು ಮೇಕೆ ತಿಂದು ಚೀಟಿ ಮಾತ್ರ ಉಳಿದಿದೆ. “ಅದನ್ನ ಕೀಳಬ್ಯಾಡಿ ಅಂದವ್ರೆ ಸಾರು, ರೆಕಾರ್ಡಂತೆ” ಎಂದು ತಾತ ಅದರ ಸುತ್ತಲೂ ಜೋಪಾನವಾಗಿ ಕಳೆ ತೆಗೆಯುತ್ತಾನೆ.

ಮೊನ್ನೆ ಫಾಲ್ಗುಣದಲ್ಲಿ ನಾನು ಹೋಗಿದ್ದಾಗ ಬದನೆಗೆ ಔಷಧಿ ಹೊಡೆಯುವ ಮುಹೂರ್ತ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ‘ಅರ್ಕಾ ವೆಜಿಟಬಲ್ ಸ್ಪೆಷಲ್’ ಎಂಬ ಪುಡಿ ಇದೆ, ಸತು, ಬೋರಾನ್ ಇತ್ಯಾದಿ ಲಘು ಪೋಷಕಾಂಶಗಳದ್ದು. ಹದಿನೈದು ಲೀಟರ್ ಕ್ಯಾನಿಗೆ ಪುಡಿಯ ಜೊತೆ ಒಂದು ಸ್ಯಾಷೆ ಶಾಂಪೂ, ಎರಡು ನಿಂಬೆಹಣ್ಣಿನ ರಸ ಸೇರಿಸಿ ಎಂದು ಅವರೇ ಹೇಳುತ್ತಾರೆ. ಶಾಂಪೂ ಇದ್ದರೆ ಹನಿ ಎಲೆಗೆ ಹರಡಿಕೊಂಡು ಅಂಟುತ್ತದೆ. ನಿಂಬೆ ಬೋರ್‌ವೆಲ್ಲಿನ ಗಡಸು ನೀರನ್ನು ಹದಕ್ಕೆ ತರುತ್ತದೆ. ಶಾಸ್ತ್ರ ಸರಿಯಾಗಿಯೇ ಇತ್ತು. ಆದರೆ ತೋಟದಲ್ಲಿದ್ದ ನಿಂಬೆಹಣ್ಣು ಎರಡೇ, ಅವೂ ಮಧ್ಯಾಹ್ನದ ಚಿತ್ರಾನ್ನಕ್ಕೆಂದು ಅಮ್ಮನವರು ತಂದಿದ್ದವು. ಒಂದು ರೂಪಾಯಿಯ ಸ್ಯಾಷೆ ತರುವುದೂ ಮರೆತುಹೋಗಿ, ಮಗಳು ಅಮೆರಿಕದಿಂದ ತಂದಿದ್ದ ಬಾಟಲಿಯಿಂದ ರಾಯರು ಅಳೆದು ಸುರಿದರು. ತಾತ ಸ್ವಲ್ಪ ಹೊತ್ತು ನೋಡಿದ.

“ಯಾಕ್ ಸಾ, ಬದನೆಗಿಡಕ್ಕೆ ಕೂದ್ಲು ಉದುರ್ತಿತ್ತಾ?”

ಕ್ಯಾನು ಬೆನ್ನಿಗೇರಿತು, ಗಾಳಿ ಎದುರಿನಿಂದ ಬೀಸಿತು. ಬದನೆಗೆ ಎಷ್ಟು ಬಿತ್ತೋ ಕಾಣೆ, ರಾಯರಂತೂ ಸಂಜೆಯವರೆಗೂ ಘಮಘಮ ಅನ್ನುತ್ತಿದ್ದರು. ಚಿತ್ರಾನ್ನಕ್ಕೆ ಹುಣಿಸೆಹಣ್ಣು ಬಿತ್ತು. ಪುಳಿಯೋಗರೆ ಎಂದು ಬಡಿಸಿದರು.

ನೀರಿನ ಕಥೆ ಬೇರೆ. ವರ್ಷಪೂರ್ತಿ ಹರಿಯುವ ನದಿ ಒಂದೂ ಇಲ್ಲದ ಜಿಲ್ಲೆ ಇದು. ಸಾವಿರ ಅಡಿ ದಾಟಿದ ಬೋರು ಇಲ್ಲಿ ಯಾರಿಗೂ ಆಶ್ಚರ್ಯವಲ್ಲ. ರಾಯರ ಬೋರಿನ ತ್ರೀ ಫೇಸ್ ಕರೆಂಟು ಎಷ್ಟೋ ಸಲ ನಡುರಾತ್ರಿ ಬರುತ್ತದೆ. ಮೋಟಾರಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿರುವುದರಿಂದ ಅದು ಜಯನಗರದ ಹಾಸಿಗೆಗೇ ಫೋನು ಮಾಡುತ್ತದೆ. “ಈ ವಯಸ್ಸಲ್ಲಿ ಅರ್ಧರಾತ್ರಿ ಇವರನ್ನ ನೆನೆಸ್ಕೊಳ್ಳೋದು ಮೋಟಾರೊಂದೇ” ಎನ್ನುತ್ತಾರೆ ಅಮ್ಮನವರು.

2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ತುಂಬಿಸುತ್ತಿದ್ದಾರಲ್ಲ, ಅದು ರಾಯರ ಮೆಚ್ಚಿನ ವಿಷಯ. ಅವತ್ತೂ ಶೆಡ್ಡಿನ ಜಗಲಿಯಲ್ಲಿ ಕೂತು ವಿವರಿಸಿದರು: “ಜಯನಗರದಲ್ಲಿ ನಾವು ಸ್ನಾನ ಮಾಡಿದ ನೀರೇ ಕೆರೆಗೆ ಬಂದು, ಇಂಗಿ, ಕೊನೆಗೆ ನಮ್ಮ ಬದನೆಗೇ ಬರುತ್ತೆ ಕಣೇ.”

“ಹಾಗಿದ್ದ ಮೇಲೆ ಶಾಂಪೂ ಇನ್ನೊಂದು ಸಲ ಯಾಕೆ ಹಾಕಿದ್ರಿ?”

ಲಾಭದ ಮಾತು ಇಲ್ಲಿ ಯಾರೂ ಎತ್ತುವುದಿಲ್ಲ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ ಹದಿನೈದು ಕೆ.ಜಿ. ಟೊಮೆಟೊ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತಲ್ಲ, ಆ ವರ್ಷ ರಾಯರು ಜುಕಿನಿ ಹಾಕಿದ್ದರು. ಟೊಮೆಟೊ ನೆಟ್ಟದ್ದು ರೇಟು ಇಳಿದ ಮೇಲೆ. ಆದರೂ ನನಗೆ ಇವರ ಮೇಲೆ ಒಂದು ಗೌರವವಿದೆ. ಸುತ್ತಲಿನವರು ನೀಲಗಿರಿ ನೆಟ್ಟು ಮರೆತರು, ಸೈಟು ಹಾಕಿ ಮಾರಿದರು. ಇವರು ಮೇಕೆ ತಿಂದ ಜಾಗದಲ್ಲಿ ಮತ್ತೆ ಸಸಿ ನೆಡುತ್ತಾರೆ, ಹೊಸ ಚೀಟಿಯ ಸಮೇತ.

ಈ ತಿಂಗಳು ನಿಮಗೂ ಒಂದು ಫೋನು ಬರಬಹುದು, “ಭಾನುವಾರ ತೋಟಕ್ಕೆ ಬನ್ನಿ” ಎಂದು. ತಪ್ಪದೆ ಹೋಗಿ. ಆದರೆ ರೈಲಿನಲ್ಲಿ ಹೋಗಿ, ಬಂಗಾರಪೇಟೆ ಕಡೆಯ ಮೆಮು ಟೇಕಲ್ಲಿನಲ್ಲಿ ನಿಲ್ಲುತ್ತದೆ. ಕಾರು ಒಯ್ದರೆ ಡಿಕ್ಕಿ ತುಂಬ ನುಗ್ಗೇಕಾಯಿ ಹೇರಿ ಕಳಿಸುತ್ತಾರೆ. ಚಿತ್ರಾನ್ನ ಬೇಕೆನ್ನುವವರು ನಿಂಬೆಹಣ್ಣು ತಾವೇ ಕೊಂಡೊಯ್ಯುವುದು ಒಳ್ಳೆಯದು. ಮತ್ತೆ, ಬದನೆಕಾಯಿ ಕೆ.ಜಿ.ಗೆ ಎಷ್ಟು ಬಿತ್ತು ಎಂದು ದಯವಿಟ್ಟು ರಾಯರ ಎದುರಿಗೆ ಕೇಳಬೇಡಿ. ಅಮ್ಮನವರು ಗಣಿತದ ಮೇಡಂ, ಬಾಯಿಲೆಕ್ಕದಲ್ಲೇ ಹೇಳಿಬಿಡುತ್ತಾರೆ.